ನಾಳದೊಳಗಿನ ಕ್ಯಾನ್ಸರ್ ಗೋಡೆ ದಾಟುವುದು ಯಾವಾಗ? ಸೋಮವಾರಪೇಟೆಯ ಒಂದು ಪ್ರಕರಣ

ಸೋಮವಾರಪೇಟೆ ತಾಲ್ಲೂಕಿನಲ್ಲಿ ನಾಲ್ಕೆಕರೆ ಅರೇಬಿಕಾ ತೋಟ ನೋಡಿಕೊಳ್ಳುವ 52 ವರ್ಷದ ಮಹಿಳೆ ಇವರು. ಗಂಡ ತೀರಿಕೊಂಡಿದ್ದಾರೆ, ಒಬ್ಬಳೇ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಸಕ್ಕರೆ ಕಾಯಿಲೆ ಇಲ್ಲ, ಬಿಪಿಗೆ ದಿನಕ್ಕೊಂದು ಮಾತ್ರೆ, ಮುಟ್ಟು ನಿಂತಿದೆ. ನಾನು ಅವರ ಕುಟುಂಬ ವೈದ್ಯೆ; ಕ್ಯಾನ್ಸರ್ ತಜ್ಞೆಯಲ್ಲ. ಚಿಕಿತ್ಸೆ ನಡೆದದ್ದು ಮೈಸೂರಿನಲ್ಲಿ. ಆದರೆ ಅಲ್ಲಿಂದ ಬಂದ ಪ್ರತಿ ಕಾಗದವನ್ನೂ ಅವರು ನನ್ನ ಮೇಜಿನ ಮೇಲಿಟ್ಟು ‘ಇದರಲ್ಲಿ ಏನಂತ ಬರೆದಿದ್ದಾರೆ ಹೇಳಿ’ ಎಂದು ಕೇಳುತ್ತಿದ್ದರು. ಹಾಗಾಗಿ ತೀರ್ಮಾನಗಳು ಹೇಗಾದವು ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆಯಲ್ಲಿ ಒಂದು ಸಾವಿದೆ. ಅವರ ಅಕ್ಕನಿಗೆ 46ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದಿತ್ತು. ಗಂಟು ಕೈಗೆ ಸಿಕ್ಕ ಮೇಲೂ ‘ಈ ಸಲದ ಕೊಯ್ಲು ಮುಗಿಯಲಿ’ ಎಂದು ಕಾದವರು. ಆಸ್ಪತ್ರೆ ಸೇರುವ ಹೊತ್ತಿಗೆ ಕಂಕುಳಿನ ಗ್ರಂಥಿಗಳಿಗೂ ಹರಡಿತ್ತು. ಆ ನೆನಪಿನಿಂದಲೇ ತಂಗಿ ಮಳೆಗಾಲ ಕಳೆದ ಕೂಡಲೇ, ಸೆಪ್ಟೆಂಬರಿನಲ್ಲಿ, ಮೈಸೂರಿಗೆ ಹೋಗಿ ಮ್ಯಾಮೊಗ್ರಾಂ ಮಾಡಿಸಿಕೊಂಡರು. ನಮ್ಮ ಕಡೆ ಹೀಗೆ ಏನೂ ತೊಂದರೆ ಇಲ್ಲದೆ ಮ್ಯಾಮೊಗ್ರಾಂಗೆ ಹೋಗುವವರು ಬಹಳ ಕಡಿಮೆ. ಸರಕಾರಿ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದ ಹೆಂಗಸರಿಗೆ ಆರೋಗ್ಯ ಸಿಬ್ಬಂದಿ ಕೈಯಿಂದ ಮುಟ್ಟಿ ನೋಡುವ ತಪಾಸಣೆ ಇದೆ, ಅಷ್ಟೇ.

ಆ ಕೈ ತಪಾಸಣೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ದಶಕ ಹಿಂಬಾಲಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡಿದ ಗುಂಪಿನಲ್ಲಿ, 50 ವರ್ಷ ದಾಟಿದವರಲ್ಲಿ ಸ್ತನ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಶೇಕಡ 30ರಷ್ಟು ಕಡಿಮೆಯಾಗಿತ್ತು. ಗಂಟು ಚಿಕ್ಕದಿರುವಾಗಲೇ ಹಿಡಿಯಲು ಇದು ಸಾಕು. ಆದರೆ ಈ ಪ್ರಕರಣದ ಕಾಯಿಲೆ ಕೈಗೆ ಸಿಗುವಂಥದ್ದೇ ಆಗಿರಲಿಲ್ಲ.

ಮ್ಯಾಮೊಗ್ರಾಂನಲ್ಲಿ ಎಡ ಸ್ತನದ ಹೊರಮಗ್ಗುಲಲ್ಲಿ ಸುಣ್ಣದ ಸೂಕ್ಷ್ಮ ಕಣಗಳು ಒಂದು ಗೆರೆ ಹಿಡಿದಂತೆ ಗುಂಪಾಗಿ ಕಂಡವು. ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚಿನ ಹರವು. ಕೈಯಿಟ್ಟು ನೋಡಿದರೆ ಏನೂ ಸಿಗುತ್ತಿರಲಿಲ್ಲ, ನೋವಿಲ್ಲ, ತೊಟ್ಟಿನಿಂದ ಸ್ರಾವವಿಲ್ಲ. ಮ್ಯಾಮೊಗ್ರಾಂ ಯಂತ್ರದ ನೆರವಿನಿಂದಲೇ ಗುರಿಯಿಟ್ಟು ಸೂಜಿ ಬಯಾಪ್ಸಿ ಮಾಡಿದರು. ವಾರ ಕಳೆದು ಬಂದ ವರದಿಯಲ್ಲಿದ್ದದ್ದು ಒಂದೇ ಸಾಲು: ‘ಡಕ್ಟಲ್ ಕಾರ್ಸಿನೋಮ ಇನ್ ಸೈಟು, ಮಧ್ಯಮ ದರ್ಜೆ.’

ಆ ಒಂದು ಸಾಲಿನ ಅರ್ಥ

ಹಾಲು ಹರಿಯುವ ನಾಳದ ಒಳಮೈಗೆ ಜೀವಕೋಶಗಳ ಪದರ ಇರುತ್ತದೆ. ಅದರ ಹೊರಗೆ ಹಿಂಡುವ ಶಕ್ತಿಯುಳ್ಳ ಇನ್ನೊಂದು ಪದರ, ಮಯೋಎಪಿಥೀಲಿಯಂ. ಅದಕ್ಕೂ ಹೊರಗೆ ಬೇಸ್‌ಮೆಂಟ್ ಮೆಂಬ್ರೇನ್ ಎಂಬ ತೆಳುಪೊರೆ. ರಕ್ತನಾಳ, ದುಗ್ಧರಸ (ಲಿಂಫ್) ಹರಿಯುವ ನಾಳಗಳೆಲ್ಲ ಆ ಪೊರೆಯ ಆಚೆ. ಒಳಮೈಯ ಕೋಶಗಳು ಕ್ಯಾನ್ಸರ್ ಸ್ವಭಾವ ಪಡೆದು ನಾಳವನ್ನು ತುಂಬಿಕೊಂಡಿದ್ದರೂ ಪೊರೆ ದಾಟಿಲ್ಲದಿದ್ದರೆ ಅದು ಡಕ್ಟಲ್ ಕಾರ್ಸಿನೋಮ ಇನ್ ಸೈಟು, ಚಿಕ್ಕದಾಗಿ ಡಿಸಿಐಎಸ್. ದಾಟದ ತನಕ ಅದಕ್ಕೆ ಬೇರೆಡೆ ಹರಡಲು ದಾರಿಯಿಲ್ಲ, ಹಾಗಾಗಿ ಸ್ಟೇಜ್ ಸೊನ್ನೆ ಎನ್ನುತ್ತಾರೆ. ದಾಟಿದ ಕ್ಷಣದಿಂದ ಅದು ಇನ್ವೇಸಿವ್, ಅಂದರೆ ಸುತ್ತಲಿನ ಅಂಗಾಂಶಕ್ಕೆ ನುಗ್ಗಿದ ಕ್ಯಾನ್ಸರ್. ದರ್ಜೆ ಎಂಬುದು ಬೇರೆ: ಕೋಶಗಳು ಸಹಜ ರೂಪದಿಂದ ಎಷ್ಟು ಬದಲಾಗಿವೆ ಎಂಬುದರ ಅಳತೆ.

ಇಷ್ಟನ್ನು ಕಾಗದದ ಮೇಲೆ ಚಿತ್ರ ಬರೆದು ಹೇಳಿದೆ. ಅವರು ಗಮನವಿಟ್ಟು ಕೇಳಿ, ‘ಬಿಳಿ ಕಾಂಡಕೊರಕ ಬಿದ್ದ ಗಿಡವನ್ನ ನಾವು ಬುಡಸಮೇತ ಕಿತ್ತು ಸುಡ್ತೀವಿ ಡಾಕ್ಟ್ರೇ. ತೊಗಟೆ ಒಳಗೆ ಇದೆ ಅಂತ ಬಿಟ್ರೆ ಪಕ್ಕದ ಗಿಡಕ್ಕೂ ಹೋಗುತ್ತೆ. ಇದನ್ನೂ ಪೂರ್ತಿ ತೆಗೆದುಬಿಡೋದೇ ಅಲ್ವಾ?’ ಅಂದರು.

ಅರೇಬಿಕಾ ಬೆಳೆಯುವವರಿಗೆ ಇದಕ್ಕಿಂತ ಸಹಜವಾದ ತರ್ಕ ಇನ್ನೊಂದಿಲ್ಲ. ತೊಂದರೆ ಇರುವುದು ಒಂದೇ ಕಡೆ. ಕೊರಕದ ಹುಳು ಒಳಗಿದ್ದರೆ ಅದು ಕೊರೆದೇ ಕೊರೆಯುತ್ತದೆ, ದುಂಬಿಯಾಗಿ ಹೊರಬಂದೇ ಬರುತ್ತದೆ. ಡಿಸಿಐಎಸ್ ಎಲ್ಲರಲ್ಲೂ ಹಾಗೆ ಮಾಡುವುದಿಲ್ಲ. ಕೆಲವರಲ್ಲಿ ಜೀವಮಾನವಿಡೀ ನಾಳದೊಳಗೇ ಉಳಿಯುತ್ತದೆ. ಯಾರಲ್ಲಿ ಉಳಿಯುತ್ತದೆ, ಯಾರಲ್ಲಿ ದಾಟುತ್ತದೆ ಎಂಬುದೇ ಇಂದಿನ ಸಂಶೋಧನೆಯ ನಡುಮಧ್ಯದ ಪ್ರಶ್ನೆ. ಈ ಹೆಂಗಸಿನ ಮುಂದಿದ್ದ ಪ್ರಶ್ನೆಯೂ ಅದೇ.

ಮಗಳು ತಂದ ಸುದ್ದಿ

ಮಗಳು ಬೆಂಗಳೂರಿನಿಂದ ಬರುವಾಗ ತಾಯಿಯ ಯೋಚನೆಗೆ ನೇರ ವಿರುದ್ಧವಾದ ಮಾತು ಹೊತ್ತು ಬಂದಳು. ಅಮೆರಿಕದ ಕಾಮೆಟ್ ಎಂಬ ಪ್ರಯೋಗದ ಬಗ್ಗೆ ಓದಿದ್ದಳು. ‘ಆಪರೇಷನ್ನೇ ಮಾಡದೆ ಆರು ತಿಂಗಳಿಗೊಮ್ಮೆ ಮ್ಯಾಮೊಗ್ರಾಂ ಮಾಡಿಸಿಕೊಂಡಿದ್ರೆ ಸಾಕಂತೆ ಮೇಡಂ. ಅಮ್ಮನಿಗೆ ಯಾಕೆ ಸುಮ್ಮನೆ ಕತ್ತರಿ ಹಾಕಿಸಬೇಕು?’

ಅವಳು ಓದಿದ್ದು ನಿಜವಾದ ಸಂಶೋಧನೆ. ಡಾ. ಶೆಲ್ಲಿ ಹ್ವಾಂಗ್ ನೇತೃತ್ವದಲ್ಲಿ ನಡೆದ ಆ ಪ್ರಯೋಗದ ಮೊದಲ ಫಲಿತಾಂಶ 2024ರ ಡಿಸೆಂಬರಿನಲ್ಲಿ ಬಂತು. 957 ಹೆಂಗಸರ ಲೆಕ್ಕ. ಒಂದು ಗುಂಪಿಗೆ ರೂಢಿಯ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ನಿಗಾ ಮಾತ್ರ. ಎರಡು ವರ್ಷದಲ್ಲಿ ಅದೇ ಸ್ತನದಲ್ಲಿ ಇನ್ವೇಸಿವ್ ಕ್ಯಾನ್ಸರ್ ಕಂಡದ್ದು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇಕಡ 5.9, ನಿಗಾ ಗುಂಪಿನಲ್ಲಿ ಶೇಕಡ 4.2. ಕಾದವರಿಗೆ ನಷ್ಟವಾಗಲಿಲ್ಲ. ಇಂಥ ಪ್ರಯೋಗ ನಡೆಸುವುದೇ ಎಷ್ಟು ಕಷ್ಟ ಎಂಬುದನ್ನೂ ಹೇಳಬೇಕು. ಬ್ರಿಟನ್ನಿನ ಲೋರಿಸ್ ಪ್ರಯೋಗ ಸಾಕಷ್ಟು ಜನ ಸೇರದೆ ನಿಂತುಹೋಯಿತು. ನೆದರ್ಲೆಂಡಿನ ಲಾರ್ಡ್ ಪ್ರಯೋಗದವರು ಚೀಟಿ ಎತ್ತಿ ಗುಂಪು ಹಂಚುವುದನ್ನು ಬಿಟ್ಟು, ಯಾವ ಗುಂಪು ಬೇಕೆಂಬ ಆಯ್ಕೆಯನ್ನು ಹೆಂಗಸರಿಗೇ ಕೊಡಬೇಕಾಯಿತು. ತನ್ನ ದೇಹದ ವಿಷಯವನ್ನು ಅದೃಷ್ಟದ ಕೈಗೆ ಕೊಡಲು ಯಾವ ಊರಿನ ಹೆಣ್ಣಿಗೆ ತಾನೇ ಮನಸ್ಸು ಬರುತ್ತದೆ?

ಆದರೆ ಕಾಮೆಟ್‌ಗೆ ಯಾರನ್ನು ಸೇರಿಸಿಕೊಂಡಿದ್ದರು ಎಂಬುದನ್ನು ಸುದ್ದಿಯಲ್ಲಿ ಅರ್ಧ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. 40 ದಾಟಿದವರು, ಕೆಳ ಅಥವಾ ಮಧ್ಯಮ ದರ್ಜೆಯವರು, ಈಸ್ಟ್ರೋಜೆನ್ ಹಾರ್ಮೋನ್ ಹಿಡಿಯುವ ರಿಸೆಪ್ಟರ್ ಅಂದರೆ ಇಆರ್ ಪಾಸಿಟಿವ್ ಇದ್ದು, ಹರ್2 ಎಂಬ ಪ್ರೋಟೀನ್ ನೆಗೆಟಿವ್ ಇದ್ದವರು, ಗಂಟು ಇಲ್ಲದವರು. ನಿಗಾ ಗುಂಪಿನ ಹೆಚ್ಚಿನವರು ಹಾರ್ಮೋನ್ ತಡೆಯುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ಮೇಲಾಗಿ ಎರಡು ವರ್ಷ ಎಂಬುದು ಈ ಕಾಯಿಲೆಗೆ ಏನೂ ಅಲ್ಲ.

ಏನೂ ಅಲ್ಲ ಎನ್ನುವುದಕ್ಕೆ ಹಳೆಯದೊಂದು ಆಧಾರವಿದೆ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡೇವಿಡ್ ಪೇಜ್ ಮತ್ತು ಸಂಗಡಿಗರು, ದಶಕಗಳ ಹಿಂದೆ ಬಯಾಪ್ಸಿಯಲ್ಲಿ ‘ತೊಂದರೆಯಿಲ್ಲ’ ಎಂದು ಬರೆದು ಬಿಟ್ಟಿದ್ದ ಸ್ಲೈಡ್‌ಗಳನ್ನು ಮತ್ತೆ ನೋಡಿ, ಅವುಗಳಲ್ಲಿ ಕೆಳದರ್ಜೆಯ ಡಿಸಿಐಎಸ್ ಇದ್ದ 28 ಹೆಂಗಸರನ್ನು ಗುರುತಿಸಿದರು. ಬಯಾಪ್ಸಿ ಬಿಟ್ಟರೆ ಇವರಿಗೆ ಯಾವ ಚಿಕಿತ್ಸೆಯೂ ಆಗಿರಲಿಲ್ಲ. 2005ರಲ್ಲಿ ಪ್ರಕಟವಾದ ವರದಿಯ ಹೊತ್ತಿಗೆ 11 ಮಂದಿಗೆ ಇನ್ವೇಸಿವ್ ಕ್ಯಾನ್ಸರ್ ಬಂದಿತ್ತು, ಅದೂ ಅದೇ ಸ್ತನದ ಅದೇ ಭಾಗದಲ್ಲಿ. ಏಳು ಮಂದಿಗೆ ಹತ್ತು ವರ್ಷದೊಳಗೆ, ಒಬ್ಬರಿಗೆ 12 ವರ್ಷದೊಳಗೆ, ಉಳಿದ ಮೂವರಿಗೆ 23ರಿಂದ 42 ವರ್ಷಗಳ ನಡುವೆ. ಈ 28ರ ಲೆಕ್ಕ ಚಿಕ್ಕದೇ. ಆದರೆ ಇದನ್ನು ಓದಿದಾಗಲೆಲ್ಲ ನನಗೆ ಎರಡೂ ಬದಿ ಕಾಣುತ್ತದೆ: ಏನೂ ಮಾಡದೆ ಬಿಟ್ಟರೂ 17 ಮಂದಿಗೆ ಬರಲಿಲ್ಲ, ಬಂದವರಲ್ಲಿ ನಾಲ್ಕು ದಶಕ ಕಳೆದ ಮೇಲೆ ಬಂದವರೂ ಇದ್ದಾರೆ. ಅದೂ ಕೆಳದರ್ಜೆಯದ್ದರ ಕತೆ. ಮೇಲ್ದರ್ಜೆಯದನ್ನು ಚಿಕಿತ್ಸೆ ಇಲ್ಲದೆ ಬಿಟ್ಟು ನೋಡಿದ ಅಧ್ಯಯನ ಯಾರು ಮಾಡಿಯಾರು?

ಹೀಗಾಗಿ ತಾಯಿಯ ‘ಪೂರ್ತಿ ತೆಗೆಯೋಣ’ಕ್ಕೂ ಮಗಳ ‘ಮುಟ್ಟುವುದೇ ಬೇಡ’ಕ್ಕೂ ನಡುವೆ ಇದ್ದದ್ದು ವರದಿಯ ಆ ಒಂದು ಸಾಲು. ಅದು ಸಾಲದು. ದರ್ಜೆ ಬಿಟ್ಟರೆ ಬೇರೇನೂ ಅದರಲ್ಲಿರಲಿಲ್ಲ. ನಾಳದ ನಡುವೆ ಕೋಶಗಳು ಸತ್ತು ಕೂತಿವೆಯೇ, ಅಂದರೆ ಕಾಮೆಡೊ ನೆಕ್ರೋಸಿಸ್ ಇದೆಯೇ? ಇಆರ್ ಏನು? ಯಾವುದನ್ನೂ ಬರೆದಿರಲಿಲ್ಲ. ಇಷ್ಟರ ಮೇಲೆ ಸ್ತನ ಉಳಿಸುವುದು, ತೆಗೆಯುವುದು, ಕಾಯುವುದು ಯಾವುದನ್ನೂ ತೀರ್ಮಾನಿಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು, ಈಗಲೂ ಆಗಿದೆ. ಡಿಸಿಐಎಸ್‌ನಲ್ಲಿ ಎರಡು ಮೂರು ವಾರ ತಡವಾದರೆ ಅನಾಹುತವಾಗುವುದಿಲ್ಲ. ಆ ಸಮಯವನ್ನು ಸ್ಲೈಡ್ ಮತ್ತೆ ಓದಿಸಲು ಬಳಸಬೇಕು.

ಇದನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ‘ಅಕ್ಕನೂ ಹೀಗೇ ಕಾದಿದ್ದು’ ಎಂದು ಅವರು ಕಣ್ಣೀರು ಹಾಕಿದರು. ಅಕ್ಕನದು ಕೈಗೆ ಸಿಕ್ಕಿದ ಗಂಟು, ಅದಾಗಲೇ ಗೋಡೆ ದಾಟಿದ್ದು. ಅಲ್ಲಿ ಕಾದದ್ದು ಕೊಯ್ಲಿಗಾಗಿ. ಇಲ್ಲಿ ಕಾಯುತ್ತಿರುವುದು ಉತ್ತರಕ್ಕಾಗಿ, ಅದೂ ದಿನಾಂಕ ಗೊತ್ತುಮಾಡಿಕೊಂಡು. ಇದನ್ನು ಒಂದು ಸಲ ಹೇಳಿದರೆ ಆಗಲಿಲ್ಲ, ಮತ್ತೆ ಮತ್ತೆ ಹೇಳಬೇಕಾಯಿತು. ಹೆದರಿದ ಮನಸ್ಸಿಗೆ ಅಂಕಿಸಂಖ್ಯೆ ತಲುಪುವುದು ನಿಧಾನ.

ಸ್ಲೈಡ್ ಮತ್ತೆ ಓದಿದಾಗ

ಬಯಾಪ್ಸಿಯ ತುಂಡುಗಳನ್ನು ಮೇಣದಲ್ಲಿ ಹುದುಗಿಸಿ ಇಡುತ್ತಾರೆ, ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಅದರಿಂದ ಕತ್ತರಿಸಿದ ತೆಳುಪದರವೇ ಸ್ಲೈಡ್. ಎರಡೂ ರೋಗಿಯ ಹಕ್ಕಿನವು, ಅರ್ಜಿ ಕೊಟ್ಟರೆ ಲ್ಯಾಬಿನವರು ಬೇರೆಡೆ ತೋರಿಸಲು ಕೊಡುತ್ತಾರೆ. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ವರದಿಯ ಕಾಗದವನ್ನಷ್ಟೇ ಹಿಡಿದುಕೊಂಡು ಊರೂರು ಅಲೆಯುತ್ತಾರೆ. ಮಗಳು ಬ್ಲಾಕ್ ತೆಗೆದುಕೊಂಡು ಹೋಗಿ ಬೆಂಗಳೂರಿನಲ್ಲಿ ಸ್ತನದ ಸ್ಲೈಡ್‌ಗಳನ್ನೇ ಹೆಚ್ಚಾಗಿ ನೋಡುವ ಪೆಥಾಲಜಿಸ್ಟ್ ಒಬ್ಬರಿಗೆ ಕೊಟ್ಟಳು.

ಎರಡನೆಯ ವರದಿ ಒಂದೂವರೆ ಪುಟ ಇತ್ತು. ಮೇಲ್ದರ್ಜೆ. ಕಾಮೆಡೊ ನೆಕ್ರೋಸಿಸ್ ಇದೆ. ಇಆರ್ ನೆಗೆಟಿವ್. ಈ ಮಾದರಿಯಲ್ಲಿ ಪೊರೆ ದಾಟಿದ್ದು ಕಂಡಿಲ್ಲ.

ಮೊದಲ ವರದಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಡಿಸಿಐಎಸ್‌ನ ದರ್ಜೆ ನಿರ್ಧಾರದಲ್ಲಿ, ಮುಖ್ಯವಾಗಿ ಮಧ್ಯಮಕ್ಕೂ ಅದರ ಮೇಲಿನ ಕೆಳಗಿನ ದರ್ಜೆಗೂ ನಡುವಿನ ಗೆರೆಯಲ್ಲಿ, ಅನುಭವಿ ಪೆಥಾಲಜಿಸ್ಟರಲ್ಲೂ ಭಿನ್ನಾಭಿಪ್ರಾಯ ಬರುತ್ತದೆ. ಜಗತ್ತಿನೆಲ್ಲೆಡೆ ಇರುವ ತೊಡಕು ಇದು. ಅದಕ್ಕೇ ಒಂದೇ ಶಬ್ದದ ಮೇಲೆ ಒಂದು ಜೀವದ ತೀರ್ಮಾನ ನಿಲ್ಲಬಾರದು.

ಈ ವರದಿ ಬಂದ ಮೇಲೆ ಮಗಳ ಪ್ರಶ್ನೆಗೆ ಉತ್ತರ ಸ್ಪಷ್ಟವಾಯಿತು. ಇವರು ಕಾಮೆಟ್‌ನ ಬಾಗಿಲಲ್ಲೇ ಹೊರಗುಳಿಯುತ್ತಿದ್ದರು. ಆ ಫಲಿತಾಂಶವನ್ನು ಇವರಿಗೆ ಅನ್ವಯಿಸುವ ಹಾಗಿಲ್ಲ. ಇಆರ್ ನೆಗೆಟಿವ್ ಆದ್ದರಿಂದ ಹಾರ್ಮೋನ್ ತಡೆಯುವ ಟಮಾಕ್ಸಿಫೆನ್ ಮಾತ್ರೆಯಿಂದ ಈ ಕಾಯಿಲೆಗೆ ಪ್ರಯೋಜನವೂ ಇಲ್ಲ. ಇಟಲಿಯ ಪ್ರಯೋಗವೊಂದರಲ್ಲಿ ದಿನಕ್ಕೆ ಕೇವಲ 5 ಮಿಲಿಗ್ರಾಂ ಟಮಾಕ್ಸಿಫೆನ್ ಮೂರು ವರ್ಷ ಕೊಟ್ಟಾಗ ಮರುಕಳಿಸುವುದು ಅರ್ಧದಷ್ಟಾಯಿತು ಎಂಬುದನ್ನೂ ಮಗಳು ಓದಿಕೊಂಡಿದ್ದಳು. ಒಳ್ಳೆಯ ಸಂಶೋಧನೆ, ಆದರೆ ಹಾರ್ಮೋನ್ ಮೇಲೆ ಕೆಲಸ ಮಾಡುವ ಮಾತ್ರೆಗೆ ಹಾರ್ಮೋನ್ ಹಿಡಿಯುವ ರಿಸೆಪ್ಟರ್ ಇರಬೇಕಲ್ಲ.

ಅಕ್ಕನಿಗೆ 50ರೊಳಗೆ ಬಂದಿದ್ದ ಕಾರಣ ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯವನ್ನು ವಂಶದಲ್ಲಿ ದಾಟಿಸುವ ಬಿಆರ್‌ಸಿಎ ಜೀನ್ ದೋಷದ ಪರೀಕ್ಷೆಗೂ ರಕ್ತ ಕೊಟ್ಟರು. ನೆಗೆಟಿವ್ ಬಂತು. ಪಾಸಿಟಿವ್ ಬಂದಿದ್ದರೆ ಮುಂದಿನ ಮಾತುಕತೆ ಬೇರೆಯೇ ಆಗುತ್ತಿತ್ತು; ಎರಡೂ ಸ್ತನ ತೆಗೆಯುವ ವಿಚಾರ, ಅಂಡಾಶಯದ ವಿಚಾರ ಎಲ್ಲ ಬರುತ್ತಿತ್ತು.

ಉಳಿಸುವುದೋ ತೆಗೆಯುವುದೋ

ಉಳಿದದ್ದು ಎರಡು ದಾರಿ. ಕಾಯಿಲೆಯ ಭಾಗವನ್ನಷ್ಟೇ ತೆಗೆದು ರೇಡಿಯೇಷನ್ ಕೊಡುವುದು, ಇಲ್ಲವೇ ಇಡೀ ಸ್ತನ ತೆಗೆಯುವುದು. ತಾಯಿಯ ಒಲವು ಎರಡನೆಯದರ ಕಡೆಗೆ. ಕಾರಣ ಭಯವೊಂದೇ ಅಲ್ಲ. ರೇಡಿಯೇಷನ್ ಎಂದರೆ ವಾರಗಟ್ಟಲೆ ಮೈಸೂರು. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ನೂರಕ್ಕೂ ಹೆಚ್ಚು ಕಿಲೋಮೀಟರ್, ರೈಲಿಲ್ಲದ ಜಿಲ್ಲೆ. ದಿನಾ ಹೋಗಿಬರುವ ಮಾತೇ ಇಲ್ಲ. ನವೆಂಬರ್ ಕೊನೆಗೆ ಹಣ್ಣು ಕೆಂಪಾಗತೊಡಗುತ್ತದೆ, ಡಿಸೆಂಬರ್ ಜನವರಿಯಲ್ಲಿ ಕೊಯ್ಲು. ಆಳು ಹಿಡಿಯುವುದು, ತೂಕ ಹಾಕುವುದು, ಕಣದಲ್ಲಿ ಹರವಿದ್ದನ್ನು ಮೋಡ ಕವಿದರೆ ಓಡಿ ಮುಚ್ಚುವುದು, ಎಲ್ಲಕ್ಕೂ ಅವರೊಬ್ಬರೇ. ‘ತೆಗೆದೇಬಿಟ್ರೆ ಕರೆಂಟು ಕೊಡೋದು ಬೇಡ ತಾನೇ?’ ಎಂದು ಕೇಳಿದರು. ದೊಡ್ಡ ನಗರದ ವೈದ್ಯರಿಗೆ ಇದು ಚಿಕ್ಕ ಕಾರಣವಾಗಿ ಕಾಣಬಹುದು. ವರ್ಷದ ಅನ್ನ ಆ ಎರಡು ತಿಂಗಳಲ್ಲಿರುವವರಿಗೆ ಹಾಗಲ್ಲ. ಅದನ್ನು ತೀರ್ಮಾನದೊಳಗೆ ಸೇರಿಸಿಕೊಂಡೇ ಮಾತನಾಡಬೇಕು.

ಸ್ತನದ ಭಾಗ ಮಾತ್ರ ತೆಗೆದವರಲ್ಲಿ ರೇಡಿಯೇಷನ್ ಮರುಕಳಿಸುವಿಕೆಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. 2010ರಲ್ಲಿ ನಾಲ್ಕು ಪ್ರಯೋಗಗಳ 3,729 ಹೆಂಗಸರ ಮಾಹಿತಿ ಕೂಡಿಸಿ ನೋಡಿದಾಗ ಹತ್ತು ವರ್ಷದಲ್ಲಿ ಅದೇ ಸ್ತನದಲ್ಲಿ ಮತ್ತೆ ಬಂದದ್ದು ರೇಡಿಯೇಷನ್ ಇಲ್ಲದವರಲ್ಲಿ ಶೇಕಡ 28.1, ಇದ್ದವರಲ್ಲಿ 12.9. ಹಾಗೆ ಮರಳಿ ಬರುವುದರಲ್ಲಿ ಸುಮಾರು ಅರ್ಧ ಇನ್ವೇಸಿವ್ ರೂಪದಲ್ಲೇ ಬರುತ್ತದೆ. ಆದರೆ ಅದೇ ವಿಶ್ಲೇಷಣೆಯಲ್ಲಿ, ಸ್ತನ ಕ್ಯಾನ್ಸರಿನಿಂದಾಗುವ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ಟೀವನ್ ನರೋಡ್ ಮತ್ತು ಸಂಗಡಿಗರು 2015ರಲ್ಲಿ ಅಮೆರಿಕದ 1,08,196 ಡಿಸಿಐಎಸ್ ರೋಗಿಗಳ ದಾಖಲೆ ನೋಡಿದಾಗ 20 ವರ್ಷದಲ್ಲಿ ಸ್ತನ ಕ್ಯಾನ್ಸರಿನಿಂದ ಸತ್ತವರು ಶೇಕಡ 3.3. ಈ ಅಂಕಿಯನ್ನು ತಾಯಿಗೆ ಎರಡು ಸಲ ಓದಿ ಹೇಳಿದೆ. ಅಕ್ಕನ ಮುಖವನ್ನೇ ಮುಂದಿಟ್ಟುಕೊಂಡು ಯೋಚಿಸುತ್ತಿದ್ದವರಿಗೆ, ತನ್ನದು ಅದೇ ಕತೆಯಲ್ಲ ಎಂದು ತಿಳಿಯಬೇಕಿತ್ತು.

ಕಾಯಿಲೆ ಒಂದೇ ಕಡೆ, ಎರಡೂ ಚಿಲ್ಲರೆ ಸೆಂಟಿಮೀಟರ್. ಸ್ತನ ಉಳಿಸಲು ಅಡ್ಡಿಯಿಲ್ಲ ಎಂದರು ಮೈಸೂರಿನ ಸರ್ಜನ್. ರೇಡಿಯೇಷನ್ ಕೊಯ್ಲಿನ ಜೊತೆ ಡಿಕ್ಕಿಯಾಗದಂತೆ ದಿನಾಂಕ ಹೊಂದಿಸಬಹುದು ಎಂದು ರೇಡಿಯೇಷನ್ ವಿಭಾಗದವರು ಒಪ್ಪಿದ್ದು ನಿರ್ಣಾಯಕವಾಯಿತು. ಎರಡು ದಿನ ಸಮಯ ಕೇಳಿ, ಮೂರನೆಯ ದಿನ ಫೋನ್ ಮಾಡಿ ‘ಉಳಿಸ್ಕೊಳ್ತೀನಿ’ ಅಂದರು. ಒತ್ತಾಯದ ದನಿ ಇರಲಿಲ್ಲ. ತೆಗೆಸುತ್ತೇನೆ ಎಂದಿದ್ದರೂ ನಾನು ಒಪ್ಪುತ್ತಿದ್ದೆ. ಅದೂ ಸರಿಯಾದ ಚಿಕಿತ್ಸೆಯೇ, ಹೆದರಿಕೆಯೊಂದರಿಂದಲೇ ಆಗದಿದ್ದರೆ ಸಾಕು.

0.6 ಮಿಲಿಮೀಟರ್

ಅಕ್ಟೋಬರ್ ನಡುವಿನಲ್ಲಿ, ಕಾವೇರಿ ಸಂಕ್ರಮಣ ಕಳೆದು, ಶಸ್ತ್ರಚಿಕಿತ್ಸೆ ಆಯಿತು. ಕೈಗೆ ಸಿಗದ ಕಾಯಿಲೆಯಾದ್ದರಿಂದ ಮೊದಲು ಮ್ಯಾಮೊಗ್ರಾಂ ನೋಡಿಕೊಂಡು ಸಣ್ಣ ತಂತಿ ಇಳಿಸಿ ಗುರುತು ಮಾಡಿ, ತೆಗೆದ ತುಂಡಿಗೆ ಎಕ್ಸ್‌ರೇ ಮಾಡಿ ಸುಣ್ಣದ ಕಣಗಳೆಲ್ಲ ಬಂದಿವೆಯೇ ಎಂದು ನೋಡಿದರು.

ಪೆಥಾಲಜಿ ವರದಿಯಲ್ಲಿ ಎರಡು ವಿಷಯ. ಒಂದು ಬದಿಯ ಅಂಚಿಗೂ ಕಾಯಿಲೆಗೂ ನಡುವೆ ಒಂದು ಮಿಲಿಮೀಟರ್ ಕೂಡ ಇರಲಿಲ್ಲ; ಡಿಸಿಐಎಸ್‌ಗೆ ಎರಡು ಮಿಲಿಮೀಟರ್ ಇರಬೇಕೆಂಬುದು 2016ರಿಂದ ಅಂಗೀಕೃತವಾದ ಮಾರ್ಗಸೂಚಿ. ಎರಡನೆಯದು: ಒಂದೇ ಒಂದು ಜಾಗದಲ್ಲಿ, 0.6 ಮಿಲಿಮೀಟರಿನಷ್ಟು, ಕೋಶಗಳು ಪೊರೆ ದಾಟಿದ್ದವು. ಒಂದು ಮಿಲಿಮೀಟರ್ ಮೀರದಿದ್ದರೆ ಅದನ್ನು ಮೈಕ್ರೋಇನ್ವೇಷನ್ ಎನ್ನುತ್ತಾರೆ.

ಸೂಜಿ ಬಯಾಪ್ಸಿಯಲ್ಲಿ ಇದು ಏಕೆ ಕಾಣಲಿಲ್ಲ ಎಂದು ಮಗಳು ಸಿಟ್ಟಾದಳು. ಸೂಜಿ ತರುವುದು ಕೆಲವು ಎಳೆಗಳನ್ನು ಮಾತ್ರ. ಹಲವು ಅಧ್ಯಯನಗಳ ಏಳು ಸಾವಿರಕ್ಕೂ ಹೆಚ್ಚು ಪ್ರಕರಣ ಸೇರಿಸಿ 2011ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಸೂಜಿಯಲ್ಲಿ ಬರೀ ಡಿಸಿಐಎಸ್ ಎಂದು ಬಂದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಶಸ್ತ್ರಚಿಕಿತ್ಸೆಯಲ್ಲಿ ಇನ್ವೇಸಿವ್ ಭಾಗ ಸಿಕ್ಕಿತ್ತು. ಮೇಲ್ದರ್ಜೆಯಲ್ಲಿ ಆ ಸಾಧ್ಯತೆ ಇನ್ನೂ ಹೆಚ್ಚು. ನಿಗಾ ಇಡುತ್ತೇವೆ ಎನ್ನುವವರು ಮೊದಲು ಎದುರಿಸಬೇಕಾದ ಪ್ರಶ್ನೆ ಇದು: ನಿಗಾ ಇಡುತ್ತಿರುವುದು ನಿಜವಾಗಿಯೂ ನಾಳದೊಳಗಿರುವುದನ್ನೇ, ಅಥವಾ ಸೂಜಿ ತಪ್ಪಿಸಿಕೊಂಡು ಆಗಲೇ ಹೊರಬಂದದ್ದನ್ನೇ?

ನವೆಂಬರಿನಲ್ಲಿ ಎರಡನೆಯ ಸಲ ಆ ಅಂಚನ್ನು ಸ್ವಲ್ಪ ಅಗಲವಾಗಿ ತೆಗೆದು, ಜೊತೆಗೇ ಕಂಕುಳಿನ ಸೆಂಟಿನೆಲ್ ಗ್ರಂಥಿಗಳನ್ನು, ಅಂದರೆ ಕಾಯಿಲೆ ಹರಡಿದರೆ ಮೊದಲು ತಲುಪುವ ಗ್ರಂಥಿಗಳನ್ನು, ಪರೀಕ್ಷೆಗೆ ಕಳಿಸಿದರು. ಎರಡು ಗ್ರಂಥಿ, ಎರಡರಲ್ಲೂ ಏನಿಲ್ಲ. ಅಂಚು ಈಗ ಸ್ವಚ್ಛ. ಹರ್2 ನೋಡಲು ಬ್ಲಾಕನ್ನು ಇನ್ನೂ ಆಳಕ್ಕೆ ಕತ್ತರಿಸಿದಾಗ ಆ 0.6 ಮಿಲಿಮೀಟರಿನ ಭಾಗ ಮುಗಿದೇಹೋಗಿತ್ತು. ತಜ್ಞರ ಸಭೆಯಲ್ಲಿ ಚರ್ಚಿಸಿ, ಗ್ರಂಥಿಯಲ್ಲಿ ಇಲ್ಲದ ಇಷ್ಟು ಸಣ್ಣ ಮೈಕ್ರೋಇನ್ವೇಷನ್‌ಗೆ ಕೀಮೋ ಬೇಡ ಎಂದು ನಿರ್ಧರಿಸಿದರು.

ಗೋಡೆ ದಾಟುವುದರ ಬಗ್ಗೆ ಈಗ ತಿಳಿದಿರುವುದು

ಈ ಹಂತದಲ್ಲಿ ತಾಯಿ ಕೇಳಿದ್ದು: ‘ಅದು ದಾಟಿದ್ದು ಯಾವಾಗ? ನಾವು ಎರಡನೇ ವರದಿಗೆ ಕಾದ ದಿನಗಳಲ್ಲಾ?’

ಅಲ್ಲ ಎಂದು ಹೇಳಲು ನನಗೆ ಸಂಶೋಧನೆಯ ಬಲವಿತ್ತು. ಹಿಂದೆಲ್ಲ ನಾವು ಓದಿದ್ದು ಹೀಗೆ: ನಾಳದೊಳಗಿನ ಕೋಶಗಳಲ್ಲಿ ಯಾವುದೋ ಒಂದು ಹೊಸ ಜೀನ್ ದೋಷ ಪಡೆದು, ಅದು ಮಾತ್ರ ಪೊರೆ ಒಡೆದು ಹೊರಬರುತ್ತದೆ. 2018ರಲ್ಲಿ ನಿಕೋಲಸ್ ನವಿನ್ ಅವರ ತಂಡ ಹತ್ತು ರೋಗಿಗಳ 1,293 ಕೋಶಗಳನ್ನು ಒಂದೊಂದಾಗಿ, ನಾಳದ ಒಳಗೆ ಎಲ್ಲಿತ್ತು ಹೊರಗೆ ಎಲ್ಲಿತ್ತು ಎಂಬ ಜಾಗದ ಗುರುತಿನ ಸಮೇತ ಓದಿತು. ಜೀನ್ ಬದಲಾವಣೆಗಳೆಲ್ಲ ಬಹುಪಾಲು ನಾಳದೊಳಗೇ, ದಾಟುವ ಮೊದಲೇ ಆಗಿಹೋಗಿದ್ದವು. ಒಂದಲ್ಲ, ಹಲವು ವಂಶದ ಕೋಶಗಳು ಒಟ್ಟಿಗೆ ಹೊರಬಂದಿದ್ದವು. ಅಂದರೆ ಹೊರಬರುವ ಸಾಮರ್ಥ್ಯ ಬಹಳ ಹಿಂದೆಯೇ ಸಿದ್ಧವಾಗಿರುತ್ತದೆ. ಇವರ ಎರಡು ಮೂರು ವಾರಗಳಿಗೆ ಅಲ್ಲಿ ಪಾತ್ರವಿಲ್ಲ.

ಹಾಗಾದರೆ ದಾಟುವುದನ್ನು ತಡೆಹಿಡಿಯುವುದು ಏನು? ಸುತ್ತಲಿನ ಪರಿಸರ ಎಂಬುದು ಒಂದು ಉತ್ತರ. ಸ್ಟ್ಯಾನ್‌ಫರ್ಡಿನ ಮೈಕೆಲ್ ಏಂಜೆಲೊ ತಂಡ 2022ರಲ್ಲಿ ಡಿಸಿಐಎಸ್ ಸ್ಲೈಡ್‌ಗಳ ಮೇಲೆ ಹತ್ತಾರು ಪ್ರೋಟೀನ್‌ಗಳನ್ನು ಒಮ್ಮೆಗೇ ಗುರುತಿಸಿ, ಆಮೇಲೆ ಇನ್ವೇಸಿವ್ ಆದವರನ್ನೂ ಆಗದವರನ್ನೂ ಹೋಲಿಸಿ ನೋಡಿತು. ಹೊರಪದರ ಮಯೋಎಪಿಥೀಲಿಯಂ ಗಟ್ಟಿಯಿದ್ದರೆ ರಕ್ಷಣೆ, ಹರಿದಿದ್ದರೆ ಅಪಾಯ ಎಂದೇ ಎಲ್ಲರ ಎಣಿಕೆ. ಕಂಡದ್ದು ತಿರುಗುಮುರುಗು. ಮುಂದೆ ಇನ್ವೇಸಿವ್ ಆಗದವರಲ್ಲೇ ಆ ಪದರ ಹೆಚ್ಚು ತೆಳುವಾಗಿ, ತುಂಡುತುಂಡಾಗಿತ್ತು. ಪದರ ಒಡೆದಾಗ ದೇಹದ ರಕ್ಷಣಾ ವ್ಯವಸ್ಥೆ ಎಚ್ಚೆತ್ತುಕೊಳ್ಳುವುದರಿಂದ ಹೀಗಿರಬಹುದು ಎಂಬ ಊಹೆಯಿದೆ. ಇಂಥ ಫಲಿತಾಂಶ ಓದಿದಾಗ, ಒಂದು ಸ್ಲೈಡ್ ನೋಡಿ ಒಬ್ಬ ಹೆಂಗಸಿನ ಭವಿಷ್ಯ ಹೇಳುವುದು ಇನ್ನೂ ಏಕೆ ಸಾಧ್ಯವಾಗಿಲ್ಲ ಎಂಬುದು ಅರ್ಥವಾಗುತ್ತದೆ.

ಅದೇ ವರ್ಷ ನೆದರ್ಲೆಂಡಿನ ಯೆಲ್ಲೆ ವೆಸೆಲಿಂಗ್ ನೇತೃತ್ವದ ಅಂತಾರಾಷ್ಟ್ರೀಯ ತಂಡ ಇನ್ನೊಂದು ಮುಖ್ಯ ವಿಷಯ ತೋರಿಸಿತು. ಮೊದಲು ಡಿಸಿಐಎಸ್, ವರ್ಷಗಳ ಮೇಲೆ ಅದೇ ಸ್ತನದಲ್ಲಿ ಇನ್ವೇಸಿವ್ ಕ್ಯಾನ್ಸರ್ ಆದ 95 ಹೆಂಗಸರ ಎರಡೂ ಮಾದರಿಗಳ ಜೀನ್ ಹೋಲಿಸಿದರು. ನಾಲ್ಕರಲ್ಲಿ ಮೂರು ಪಾಲು ಅದೇ ಮೂಲದವು. ಆದರೆ ಶೇಕಡ 18ರಷ್ಟರಲ್ಲಿ ಎರಡಕ್ಕೂ ಸಂಬಂಧವೇ ಇರಲಿಲ್ಲ; ಹೊಸದಾಗಿ ಹುಟ್ಟಿದ ಕ್ಯಾನ್ಸರ್. ಆದ್ದರಿಂದ ಒಂದು ಡಿಸಿಐಎಸ್ ಪೂರ್ತಿ ತೆಗೆದರೂ ಆ ಹೆಂಗಸು ಮ್ಯಾಮೊಗ್ರಾಂ ಬಿಡುವಂತಿಲ್ಲ. ಈ ಸಂಗತಿಯನ್ನು ನಾನು ತಾಯಿಗೆ ಎಲ್ಲ ಚಿಕಿತ್ಸೆ ಮುಗಿದ ಮೇಲಷ್ಟೇ ಹೇಳಿದೆ. ಎಲ್ಲವನ್ನೂ ಒಂದೇ ದಿನ ಹೇಳಿ ಹೊರೆ ಹಾಕುವುದರಲ್ಲಿ ನನಗೆ ನಂಬಿಕೆಯಿಲ್ಲ.

ರೇಡಿಯೇಷನ್ ಮತ್ತು ಆಮೇಲೆ

ಪುತ್ತರಿ ಕಳೆಯಿತು, ಕೊಯ್ಲು ನಡೆಯಿತು. ಮಗಳು ರಜೆ ಹಾಕಿ ಬಂದು ಕಣ ನೋಡಿಕೊಂಡಳು. ಜನವರಿ ಕೊನೆಗೆ ರೇಡಿಯೇಷನ್ ಶುರು. ಡಿಸಿಐಎಸ್‌ಗೆ ಐದು ವಾರದ ಬದಲು 16 ಸಲದ ಕಡಿಮೆ ಅವಧಿಯ ಚಿಕಿತ್ಸೆ ಸಾಕೆಂದೂ, ಅಪಾಯ ಹೆಚ್ಚಿರುವವರಿಗೆ ಗಾಯದ ಜಾಗಕ್ಕೆ ಹೆಚ್ಚುವರಿ ಬೂಸ್ಟ್ ಕೊಟ್ಟರೆ ಮರುಕಳಿಸುವುದು ಇನ್ನಷ್ಟು ಇಳಿಯುತ್ತದೆಂದೂ 1,608 ಹೆಂಗಸರ ಮೇಲೆ ನಡೆದ ಪ್ರಯೋಗ 2022ರಲ್ಲಿ ತೋರಿಸಿದೆ. ಐದು ವರ್ಷದಲ್ಲಿ ಮರುಕಳಿಸದೆ ಉಳಿದವರು ಬೂಸ್ಟ್ ಇಲ್ಲದೆ ಶೇಕಡ 92.7, ಬೂಸ್ಟ್ ಇದ್ದರೆ 97.1. ಇವರಿಗೆ 16 ಸಲ, ಆಮೇಲೆ ಬೂಸ್ಟ್. ಮೈಸೂರಿನಲ್ಲಿ ನಾದಿನಿಯ ಮನೆಯಲ್ಲಿದ್ದು ಮುಗಿಸಿಕೊಂಡರು. ಚರ್ಮ ಸ್ವಲ್ಪ ಕಪ್ಪಾಯಿತು, ಆಯಾಸ ಕೆಲವು ವಾರ ಇತ್ತು, ಅಷ್ಟೇ. ಇಡೀ ಚಿಕಿತ್ಸೆಯಲ್ಲಿ ಅವರಿಗೆ ಹೆಚ್ಚು ಕಷ್ಟವಾದದ್ದು ರೇಡಿಯೇಷನ್ ಅಲ್ಲ, ತೋಟದಿಂದ ದೂರ ಇದ್ದದ್ದು.

ಹೂಮಳೆ ಬೀಳುವ ಹೊತ್ತಿಗೆ ಅವರು ಊರಿಗೆ ಮರಳಿದರು. ಆ ವರ್ಷದ ಸೆಪ್ಟೆಂಬರಿನ ಮ್ಯಾಮೊಗ್ರಾಂ ಎರಡೂ ಕಡೆ ಚೊಕ್ಕವಾಗಿತ್ತು. ಇನ್ನು ವರ್ಷಕ್ಕೊಂದು. ಮಗಳಿಗೂ ದೊಡ್ಡಮ್ಮನಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಅಂದರೆ 36ಕ್ಕೆ, ತಪಾಸಣೆ ಶುರುಮಾಡಲು ಹೇಳಿದ್ದಾರೆ. ತಾಯಿಯ ಕೊನೆಯ ತಂಗಿ ಶನಿವಾರಸಂತೆಯಲ್ಲಿದ್ದಾರೆ, 44 ವರ್ಷ, ಒಮ್ಮೆಯೂ ಮ್ಯಾಮೊಗ್ರಾಂ ಮಾಡಿಸಿಲ್ಲ. ‘ಏನೂ ಇಲ್ಲದೆ ಯಾಕೆ ಹೋಗಲಿ’ ಎನ್ನುತ್ತಾರಂತೆ. ತಾನೇ ಜೊತೆಗೆ ಕರೆದುಕೊಂಡು ಹೋಗುವುದಾಗಿ, ಈ ಸಲ ಕೊಯ್ಲಿಗೆ ಮೊದಲೇ ಹೋಗುವುದಾಗಿ ಅವರು ನನಗೆ ಹೇಳಿದ್ದಾರೆ. ರೆಫರಲ್ ಚೀಟಿ ಬರೆದುಕೊಟ್ಟಿದ್ದೇನೆ.